ಹಳೇ ಸ್ಟೀಲ್ ಸೈಕಲ್ಲು ತಗೊಳ್ಳುವ ಮೊದಲು ಏನೇನು ನೋಡಬೇಕು

ಹಾಸನ, ಚಿಕ್ಕಮಗಳೂರು ಕಡೆ ಹಳೇ ಸೈಕಲ್ಲಿಗೆ ಬರ ಇಲ್ಲ. ಕೊಟ್ಟಿಗೆ ಮೂಲೆಯಲ್ಲಿ, ಸೌದೆ ಮನೆಯಲ್ಲಿ, ಕಾಫಿ ಮೂಟೆ ಇಡುವ ಗೋಡೌನಿನ ಹಿಂದೆ ಒಂದಲ್ಲ ಒಂದು ಒರಗಿಕೊಂಡಿರುತ್ತದೆ. ಮನೆಗೆ ಬೈಕು ಬಂದ ದಿನ ಸೈಕಲ್ಲು ಮೂಲೆ ಸೇರಿತು, ಅಷ್ಟೇ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡಲು ಶುರು ಮಾಡಿದ ಸೈಕಲ್ಲುಗಳೂ ಈಗ ಹಳೇ ಸೈಕಲ್ಲುಗಳ ಲೆಕ್ಕಕ್ಕೆ ಬಂದಿವೆ. ಹುಡುಗರು ಓದು ಮುಗಿಸಿ ಬೆಂಗಳೂರಿಗೆ ಹೋಗಿದ್ದಾರೆ, ಸೈಕಲ್ಲು ಊರಲ್ಲೇ ಇದೆ. ಕೇಳಿದರೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ.

ಇವುಗಳಲ್ಲಿ ಒಳ್ಳೆಯದು ಸಿಕ್ಕರೆ ಇನ್ನೂ ಹತ್ತಾರು ವರ್ಷ ಓಡುತ್ತದೆ. ಕೆಟ್ಟದ್ದು ಸಿಕ್ಕರೆ ರಿಪೇರಿಗೆ ಸುರಿದ ದುಡ್ಡಿನಲ್ಲಿ ಹೊಸದೇ ಬರುತ್ತಿತ್ತು ಅನ್ನಿಸುತ್ತದೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗೋದಕ್ಕೆ ಅರ್ಧ ಗಂಟೆ ಸಾಕು. ಆದರೆ ಆ ಅರ್ಧ ಗಂಟೆಯಲ್ಲಿ ಕಣ್ಣು ಎಲ್ಲಿಡಬೇಕು ಅಂತ ಗೊತ್ತಿರಬೇಕು. ತುಂಬಾ ಜನ ಸೀಟು, ಬಣ್ಣ, ಟಯರು ನೋಡುತ್ತಾರೆ. ಅವೆಲ್ಲ ಬದಲಾಯಿಸಬಹುದಾದ ಸಾಮಾನುಗಳು. ಸ್ಟೀಲ್ ಸೈಕಲ್ಲಿನಲ್ಲಿ ನಾವು ನಿಜವಾಗಿ ಕೊಳ್ಳೋದು ಫ್ರೇಮು ಮತ್ತು ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕು. ಇವೆರಡು ನೆಟ್ಟಗಿದ್ದರೆ ಮಿಕ್ಕಿದ್ದಕ್ಕೆಲ್ಲ ದಾರಿ ಇದೆ. ಇವೆರಡರಲ್ಲಿ ಐಬಿದ್ದರೆ ಸುಮ್ನೆ ಕೊಟ್ಟರೂ ಬೇಡ.

ಮೊದಲು ಎಲ್ಲಿ ಓಡಿಸುತ್ತೀರಿ ಅನ್ನೋದು ತೀರ್ಮಾನ ಮಾಡಿ

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ಬೀರೂರು ಕಡೆ ಹೆಚ್ಚಿನದೆಲ್ಲ ಬಯಲು. ಅಲ್ಲಿ ಗೇರಿಲ್ಲದ ದೊಡ್ಡ ಸೈಕಲ್ಲು ಆರಾಮಾಗಿ ಓಡುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಲೆಕ್ಕವೇ ಬೇರೆ. ಒಂದು ಏರು ಮುಗಿಯುವಷ್ಟರಲ್ಲಿ ಒಂದು ಇಳಿಜಾರು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಅಲ್ಲಿ ಸೈಕಲ್ಲಿನ ಬ್ರೇಕು ಎಂಥದ್ದು ಅನ್ನೋದು ಮೊದಲು ಕೇಳಬೇಕಾದ ಪ್ರಶ್ನೆ. ಹಾಸನ ಪೇಟೆಯ ಒಳಗೆ ಅಂಗಡಿ, ಆಫೀಸು ಅಂತ ಓಡಾಡೋದಕ್ಕೆ ಮಾತ್ರ ಆದರೆ ಎರಡರ ಮಧ್ಯದಲ್ಲಿ ಯಾವುದಾದರೂ ಸರಿ.

ಆಮೇಲೆ ಎತ್ತರ. ಹಳೇ ಕಾಲದ ದೊಡ್ಡ ಸೈಕಲ್ಲಿಗೆ 28 ಇಂಚಿನ ಚಕ್ರ. ಟಯರಿನ ಪಕ್ಕದಲ್ಲಿ 28 × 1½ ಅಂತ ಬರೆದಿರುತ್ತದೆ. ಫ್ರೇಮು ಸಾಮಾನ್ಯವಾಗಿ 22 ಅಥವಾ 24 ಇಂಚು. ಇಡೀ ಸೈಕಲ್ಲು ಹೆಚ್ಚುಕಮ್ಮಿ 20 ಕೆ.ಜಿ. ತೂಗುತ್ತದೆ. ಸೀಟಿನಿಂದ ಮುಂದೆ ಇಳಿದು ಬಾರಿನ ಎರಡೂ ಕಡೆ ಕಾಲು ಹಾಕಿ ನಿಂತು ನೋಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಚಿಕ್ಕಂದಿನಲ್ಲಿ ಒಳಪೆಡಲ್ ಹೊಡೆದು ಕಲಿತವರಿಗೆ ಬಾರು ಎತ್ತರ ಆದರೂ ಪರವಾಗಿಲ್ಲ ಅನ್ನಿಸಬಹುದು. ಹಾಸನದ ಎನ್.ಆರ್. ಸರ್ಕಲ್ಲಿನಲ್ಲಿ ಎದುರಿಗೆ ಆಟೋ ಗಕ್ಕನೆ ನಿಂತಾಗ ಗೊತ್ತಾಗುತ್ತದೆ. ಎತ್ತರ ಹೊಂದದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೇ ಬಿಟ್ಟುಬಿಡಿ. ಸೀಟು ಮೇಲೆ ಕೆಳಗೆ ಮಾಡಬಹುದು, ಬಾರನ್ನು ಮಾಡೋಕಾಗಲ್ಲ.

ಹೋಗುವಾಗ ಜೊತೆಗೆ ತಗೊಂಡು ಹೋಗಿ

ಒಂದು ಹಳೇ ಬಟ್ಟೆ, ಒಂದಷ್ಟು ಎಣ್ಣೆ, ಅಡಿ ಸ್ಕೇಲು, ನಾಲ್ಕು ಮೀಟರ್ ಗಟ್ಟಿ ದಾರ, ಚಿಕ್ಕ ಅಯಸ್ಕಾಂತ, ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್, ಗಾಳಿ ಪಂಪು. ಬೆಳಕಿದ್ದಾಗ ಹೋಗಿ. ಸಂಜೆ ಮೇಲೆ ಟಾರ್ಚ್ ಹಿಡಿದು ನೋಡಿದರೆ ಬಿರುಕು ಕಾಣೋದಿಲ್ಲ. ಸೈಕಲ್ಲನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತರಿಸಿ, ಧೂಳು ಒರೆಸಿದ ಮೇಲೆ ಶುರು ಮಾಡಿ. ಒರೆಸೋಕೆ ಮುಂಚೆ ರೇಟಿನ ಮಾತು ಎತ್ತಲೇಬೇಡಿ.

ಫ್ರೇಮು: ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ

ತುಕ್ಕು ಕಂಡ ಕೂಡಲೇ ಹೆದರಬೇಡಿ. ನಮ್ಮ ಮಲೆನಾಡಿನಲ್ಲಿ ತುಕ್ಕಿಲ್ಲದ ಹಳೇ ಸೈಕಲ್ಲು ಇದ್ದರೆ ಅದನ್ನೇ ಅನುಮಾನದಿಂದ ನೋಡಬೇಕು, ಬಣ್ಣ ಬಳಿದಿರುತ್ತಾರೆ. ಮೇಲ್ಮೈ ತುಕ್ಕು ಅಂದರೆ ಕಂದು ಪುಡಿ. ಎಣ್ಣೆ ಬಟ್ಟೆಯಲ್ಲಿ ತಿಕ್ಕಿದರೆ ಬರುತ್ತದೆ, ಕೆಳಗೆ ಗಟ್ಟಿ ಕಬ್ಬಿಣ ಸಿಗುತ್ತದೆ. ಅದರಿಂದ ಏನೂ ಆಗಲ್ಲ. ಕ್ರೋಮಿನ ಮೇಲಿನ ಚುಕ್ಕೆ ತುಕ್ಕನ್ನು ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರು ಹಚ್ಚಿ ತಿಕ್ಕಿದರೂ ಸಾಕು. ಹೆದರಬೇಕಾದ್ದು ಪದರ ಪದರವಾಗಿ ಏಳುವ ತುಕ್ಕಿಗೆ, ಬಣ್ಣದ ಕೆಳಗೆ ಗುಳ್ಳೆ ಎದ್ದ ತುಕ್ಕಿಗೆ. ಅಲ್ಲಿ ಪೈಪು ಒಳಗಿನಿಂದ ತಿಂದುಹೋಗಿರುತ್ತದೆ.

ಅದು ಶುರುವಾಗೋದು ನೀರು ನಿಲ್ಲುವ ಜಾಗದಲ್ಲಿ. ಸೀಟಿನ ಪೈಪಿನಿಂದ ಒಳಗಿಳಿದ ಮಳೆ ನೀರು ಕೆಳಗೆ ಪೆಡಲ್ಲಿನ ತೋಳುಗಳು, ಅಂದರೆ ಕ್ರ್ಯಾಂಕುಗಳು, ಕೂರುವ ಗೂಡಿಗೆ ಬಂದು ನಿಲ್ಲುತ್ತದೆ. ಅಂಗಡಿಯವರು ಆ ಜಾಗಕ್ಕೆ ಬಿ.ಬಿ. ಅನ್ನುತ್ತಾರೆ. ಸೀಟು ಕಿತ್ತು ಹೊರಗೆ ನಿಲ್ಲಿಸಿದ ಸೈಕಲ್ಲಾದರೆ ಒಂದೇ ಮಳೆಗಾಲ ಸಾಕು. ಕೊಟ್ಟಿಗೆಯಲ್ಲಿ ಇಟ್ಟದ್ದಾದರೆ ಗಂಜಲದ ತೇವ ಕೆಳಗಿನಿಂದ ಹತ್ತುತ್ತದೆ, ಹಿಂದಿನ ಚಕ್ರ ಕೂರುವ ತುದಿಗಳು ಮೊದಲು ಹೋಗುತ್ತವೆ. ಹಾಗಾಗಿ ಸೈಕಲ್ಲನ್ನು ತಲೆಕೆಳಗು ಮಾಡಿ. ಬಿ.ಬಿ. ಗೂಡಿನ ತಳ, ಅಲ್ಲಿಂದ ಹಿಂದಕ್ಕೆ ಹೋಗುವ ಎರಡು ಸಣ್ಣ ಪೈಪು, ಹಿಂದಿನ ಆಕ್ಸೆಲ್ ಕೂರುವ ಜಾಗ, ಇಷ್ಟನ್ನೂ ಬಟ್ಟೆಯಲ್ಲಿ ಒರೆಸಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಕಬ್ಬಿಣ ಬಗ್ಗಲ್ಲ. ತಿಂದುಹೋಗಿದ್ದರೆ ತಗ್ಗು ಬೀಳುತ್ತದೆ, ಕೆಲವು ಸಲ ತುದಿ ಒಳಗೇ ಹೋಗುತ್ತದೆ. ಸ್ಪ್ಯಾನರಿನ ಹಿಡಿಯಿಂದ ಪೈಪಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಎಲ್ಲಾ ಕಡೆ ಟಣ್ ಅನ್ನೋ ಪೈಪು ಒಂದು ಕಡೆ ಮಾತ್ರ ಮಂಕಾಗಿ ಸದ್ದು ಮಾಡಿದರೆ ಅಲ್ಲಿ ಇನ್ನೊಂದು ಸಲ ನೋಡಿ. ತಲೆಕೆಳಗು ಮಾಡಿದಾಗ ಸೀಟಿನ ಪೈಪಿನಿಂದ ಕೆಂಪು ನೀರು, ತುಕ್ಕಿನ ಚೂರು ಉದುರಿದರೆ ಅದೂ ಒಂದು ಸೂಚನೆ.

ಮುಂದೆ ಬನ್ನಿ. ಹ್ಯಾಂಡಲ್ ಕೆಳಗಿನ ದಪ್ಪ ಗಿಡ್ಡ ಪೈಪು ಹೆಡ್ ಪೈಪು. ಅದರಿಂದ ಕೆಳಗೆ ಹಿಂದಕ್ಕೆ ಇಳಿಯುವ ದಪ್ಪ ಬಾರಿನ ತಳಭಾಗವನ್ನು, ಅಂದರೆ ಮುಂದಿನ ಚಕ್ರಕ್ಕೆ ಮುಖ ಮಾಡಿದ ಕಡೆಯನ್ನು, ಹೆಡ್ ಪೈಪಿನಿಂದ ನಾಲ್ಕು ಬೆರಳು ಕೆಳಗೆ ಉಗುರಿನಿಂದ ಸವರಿ. ಕಣ್ಣಿಗಿಂತ ಉಗುರಿಗೆ ಬೇಗ ಗೊತ್ತಾಗುತ್ತದೆ. ನುಣ್ಣಗಿರಬೇಕು. ಅಡ್ಡಡ್ಡ ಸಣ್ಣ ಸುಕ್ಕು, ಬಣ್ಣದಲ್ಲಿ ಕೂದಲಿನಂಥ ಗೆರೆ, ಒಂದು ಚಿಕ್ಕ ಉಬ್ಬು ಸಿಕ್ಕಿದರೆ ಸೈಕಲ್ಲು ಎದುರಿನಿಂದ ಯಾವುದಕ್ಕೋ ಗುದ್ದಿದೆ, ಫ್ರೇಮು ಮಡಿಚಿಕೊಂಡಿದೆ. ಮೇಲಿನ ಬಾರಿನ ತಳದಲ್ಲೂ ಹೀಗೇ ನೋಡಿ. ಇದು ಸಿಕ್ಕರೆ ಮುಂದಿನದೇನೂ ನೋಡೋದು ಬೇಡ. ಬೆಂಡು ತೆಗೆಸಿ ಕೊಡ್ತೀನಿ ಅಂದರೂ ಒಪ್ಪಬೇಡಿ. ಒಂದು ಸಲ ಸುಕ್ಕು ಬಿದ್ದ ಪೈಪು ಎಳೆದರೆ ನೆಟ್ಟಗಾದ ಹಾಗೆ ಕಾಣುತ್ತದೆ, ಬಲ ವಾಪಸ್ ಬರಲ್ಲ.

ಪೈಪುಗಳು ಸೇರುವ ಕಡೆ ಜಾಯಿಂಟ್ ಕೂರಿಸಿ, ಒಳಗೆ ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಈ ಜಾಯಿಂಟುಗಳ ಅಂಚಿನಲ್ಲಿ ಸುತ್ತ ಕಣ್ಣು ಹಾಯಿಸಿ. ತುಕ್ಕಿನ ಸಣ್ಣ ಗೆರೆ ಒಂದೇ ಕಡೆ ಹರಿದಿದ್ದರೆ ಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ತೆಳು ಎಣ್ಣೆ ಹಚ್ಚಿ ಮತ್ತೆ ಒರೆಸಿ. ಬಿರುಕಿದ್ದರೆ ಒಳಗೆ ಹೋದ ಎಣ್ಣೆ ಸ್ವಲ್ಪ ಹೊತ್ತಿಗೆ ಗೆರೆಯಾಗಿ ಹೊರಗೆ ಬರುತ್ತದೆ. ಹಳ್ಳಿ ಕಡೆ ಗೇಟು, ಟ್ರೇಲರ್ ಮಾಡುವ ಅಂಗಡಿಯಲ್ಲಿ ಕರೆಂಟ್ ವೆಲ್ಡಿಂಗ್ ಹೊಡೆಸಿದ ಫ್ರೇಮುಗಳು ಜಾಸ್ತಿ ಸಿಗುತ್ತವೆ. ಸೈಕಲ್ ಪೈಪು ತೆಳು. ಆ ಶಾಖಕ್ಕೆ ವೆಲ್ಡಿಂಗಿನ ಪಕ್ಕದ ಲೋಹ ಬಲ ಕಳೆದುಕೊಳ್ಳುತ್ತದೆ. ಮುಂದಿನ ಸಲ ಮುರಿಯೋದು ವೆಲ್ಡಿಂಗ್ ಅಲ್ಲ, ಅದರ ಪಕ್ಕದ ಜಾಗ. ಕ್ಯಾರಿಯರ್ರಿಗೋ ಸ್ಟ್ಯಾಂಡಿಗೋ ವೆಲ್ಡಿಂಗ್ ಇದ್ದರೆ ಚಿಂತೆ ಇಲ್ಲ. ಫ್ರೇಮಿನ ಪೈಪಿಗೆ ಇದ್ದರೆ ಬೇಡ.

ಹೊಸದಾಗಿ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ತೆಗೆಯಿರಿ. ಪೈಪಿನ ಮೇಲೆ ಎಳೆಯುತ್ತಾ ಬನ್ನಿ. ಒಂದು ಜಾಗದಲ್ಲಿ ಹಿಡಿತ ಸಡಿಲ ಆದರೆ ಅಲ್ಲಿ ಮೇಣವೋ ಪುಟ್ಟಿಯೋ ತುಂಬಿ ಮುಚ್ಚಿದ್ದಾರೆ.

ಈಗ ದಾರ. ಹಿಂದಿನ ಆಕ್ಸೆಲ್ಲಿನ ಎಡ ತುದಿಗೆ ಕಟ್ಟಿ, ಮುಂದಕ್ಕೆ ಎಳೆದು ಹೆಡ್ ಪೈಪನ್ನು ಬಳಸಿ, ಬಲಗಡೆಯಿಂದ ವಾಪಸ್ ತಂದು ಬಲ ತುದಿಗೆ ಬಿಗಿಯಾಗಿ ಕಟ್ಟಿ. ದಾರ ಚೈನ್ ಕವರಿಗೋ ಮಡ್‌ಗಾರ್ಡ್ ಕಡ್ಡಿಗೋ ತಾಗಬಾರದು. ಸೀಟಿನ ಪೈಪಿಗೂ ದಾರಕ್ಕೂ ನಡುವೆ ಎಷ್ಟು ಜಾಗ ಇದೆ, ಎರಡೂ ಕಡೆ ಸ್ಕೇಲಿನಲ್ಲಿ ಅಳೆಯಿರಿ. ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೆ ನಡೆಯುತ್ತದೆ. ಅರ್ಧ ಸೆಂಟಿಮೀಟರ್ ದಾಟಿದರೆ ಹಿಂಭಾಗ ಒಂದು ಕಡೆಗೆ ಎಳೆದುಕೊಂಡಿದೆ ಅಂತ ಅರ್ಥ.

ಹಾಲಿನ ಕ್ಯಾನು ಹೊತ್ತ ಸೈಕಲ್ಲು

ನಮ್ಮ ಕಡೆ ಇದನ್ನು ಬೇರೆಯಾಗಿಯೇ ಹೇಳಬೇಕು. ಡೈರಿಗೆ ಹಾಲು ಹಾಕುವವರು ಹಿಂದೆ ಎರಡೂ ಪಕ್ಕ ಕ್ಯಾನು ನೇತುಹಾಕಿ ವರ್ಷಗಟ್ಟಲೆ ಓಡಿಸಿರುತ್ತಾರೆ. ಸಿಲಿಂಡರ್, ತೆಂಗಿನಕಾಯಿ, ಹಿಂಡಿ ಮೂಟೆ ಹೊತ್ತದ್ದೂ ಇದೇ ಲೆಕ್ಕ. ಮೇಲೆ ಎರಡು ಬಾರಿರುವ ಡಬಲ್ ಬಾರ್ ಸೈಕಲ್ಲು ಕಂಡರೆ ಅದು ಭಾರಕ್ಕೇ ಅಂತ ಮಾಡಿದ್ದು. ಗಟ್ಟಿ, ನಿಜ. ಆದರೆ ದುಡಿದೂ ದುಡಿದಿರುತ್ತದೆ.

ಕ್ಯಾರಿಯರ್ ಒಂದು ಕಡೆಗೆ ಜೋತಿದೆಯಾ? ಕ್ಯಾನಿನ ಕೊಕ್ಕೆ ಉಜ್ಜಿ ಪೈಪಿನಲ್ಲಿ ಗಾಯ ಆಗಿದೆಯಾ? ಹಿಂದಿನ ಆಕ್ಸೆಲ್ ಕೂರುವ ತುದಿಗಳು ಅಗಲವಾಗಿ ಬಾಯಿ ಬಿಟ್ಟಿವೆಯಾ? ಹಿಂದಿನ ಚಕ್ರದ ಕಡ್ಡಿ ಎಣಿಸಿ. ಈ ದೊಡ್ಡ ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40 ಕಡ್ಡಿ ಇರುತ್ತವೆ. ಎರಡು ಮೂರು ಕಡ್ಡಿ ಇಲ್ಲದೆ, ಮಿಕ್ಕವುಗಳಲ್ಲಿ ಹೊಸವು ಹಳೆಯವು ಕಲಸಿಕೊಂಡಿದ್ದರೆ ಈ ಚಕ್ರ ಮತ್ತೆ ಮತ್ತೆ ಕಡ್ಡಿ ಮುರಿಯುತ್ತಿದೆ ಅಂತ ತಿಳಿಯಿರಿ. ಫ್ರೇಮು ಚೆನ್ನಾಗಿದ್ದು ಹಿಂದಿನ ಚಕ್ರ ಮಾತ್ರ ಸೋತಿದ್ದರೆ, ಹೊಸ ಚಕ್ರದ ಖರ್ಚು ಕಳೆದು ಬೆಲೆ ಕೇಳಿ. ಇಂಥ ಸೈಕಲ್ಲು ನಾನು ತಗೊಳ್ಳಿ ಅಂತಲೇ ಹೇಳುತ್ತೇನೆ. ದಿನಾ ಓಡಿದ ಸೈಕಲ್ಲಿಗೆ ಎಣ್ಣೆ ಬಿದ್ದಿರುತ್ತದೆ. ಹತ್ತು ವರ್ಷ ಮೂಲೆಯಲ್ಲಿ ನಿಂತದ್ದಕ್ಕಿಂತ ಎಷ್ಟೋ ವಾಸಿ.

ಫೋರ್ಕು, ಹ್ಯಾಂಡಲ್, ಸೀಟಿನ ರಾಡು

ಸೈಕಲ್ಲನ್ನು ಪಕ್ಕದಿಂದ ನೋಡಿ. ಹೆಡ್ ಪೈಪಿನ ಗೆರೆ ಹಾಗೇ ಕೆಳಗಿಳಿದು ಫೋರ್ಕಿನ ಮೇಲರ್ಧದ ಜೊತೆ ಒಂದಾಗಬೇಕು. ತುದಿಯಲ್ಲಿ ಮಾತ್ರ ಫೋರ್ಕು ಮುಂದಕ್ಕೆ ಬಾಗುತ್ತದೆ. ಮೇಲೇ ಹಿಂದಕ್ಕೆ ಮಣಿದಿದ್ದರೆ ಗುದ್ದಿದ ಸೈಕಲ್ಲು. ಪೆಡಲ್ ಮುಂದಿಟ್ಟು ಹ್ಯಾಂಡಲ್ ತಿರುಗಿಸಿದಾಗ ಕಾಲಿನ ಬೆರಳು ಮುಂದಿನ ಮಡ್‌ಗಾರ್ಡಿಗೆ ತೀರಾ ಹೊಡೆದುಕೊಂಡರೂ ಅದೇ ಅನುಮಾನ. ಫೋರ್ಕು ಮಾತ್ರ ಬಾಗಿದ್ದು ಫ್ರೇಮು ಸರಿ ಇದ್ದರೆ ಬೇರೆ ಫೋರ್ಕು ಹಾಕಿಸಬಹುದು. ಹಳೇದನ್ನೇ ಬಡಿದು ನೆಟ್ಟಗೆ ಮಾಡಿಸಬೇಡಿ. ಓಡುವಾಗ ಫೋರ್ಕು ಮುರಿದರೆ ನೇರ ಮುಖ ಅಡಿಯಾಗಿ ಬೀಳೋದೇ.

ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ಎರಡೂ ಕಡೆ ನಿಧಾನ ತಿರುಗಿಸಿ. ನೆಟ್ಟಗೆ ಬಂದಾಗ ಕಟ್ ಅಂತ ಸಿಕ್ಕಿಕೊಂಡರೆ ಒಳಗಿನ ಬೇರಿಂಗ್ ಕಪ್ಪುಗಳಲ್ಲಿ ಗುಂಡುಗಳು ಕುಳಿ ಮಾಡಿವೆ. ಕಪ್ಪು ಬದಲಾಯಿಸಬೇಕು, ದೊಡ್ಡ ಖರ್ಚಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ, ಇನ್ನೊಂದು ಕೈಯನ್ನು ಹೆಡ್ ಪೈಪಿನ ಕೆಳಗಿಡಿ. ಲಟಲಟ ಅಂದರೆ ಸಡಿಲ ಇದೆ. ಟೈಟ್ ಮಾಡಿದರೆ ಸರಿಹೋಗಬಹುದು.

ಸೀಟಿನ ರಾಡು ಮತ್ತು ಹ್ಯಾಂಡಲ್ ರಾಡು ಅಲುಗುತ್ತವಾ ಅಂತ ಮರೆಯದೆ ನೋಡಿ. ಮಾರುವವರ ಒಪ್ಪಿಗೆ ತಗೊಂಡು ಸೀಟಿನ ನಟ್ಟು ಸಡಿಲಿಸಿ, ಸೀಟು ತಿರುಗಿಸಿ. ಎಷ್ಟೋ ವರ್ಷ ಅಲ್ಲೇ ನಿಂತು ತುಕ್ಕಿನಲ್ಲಿ ಬೆಸೆದುಕೊಂಡಿದ್ದರೆ ಬಿಡಿಸೋಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ದಿನಗಟ್ಟಲೆ ಕಾಯಬೇಕು, ಆಗಲೂ ಬಾರದೇ ಇರಬಹುದು. ಸೀಟು ನಿಮ್ಮ ಎತ್ತರಕ್ಕೇ ಇದ್ದರೆ ಸರಿ, ಇಲ್ಲದಿದ್ದರೆ ಅದನ್ನು ಬೆಲೆಯಲ್ಲಿ ಇಳಿಸಿ.

ಚಕ್ರ

ಚಕ್ರ ಎತ್ತಿ ಬಿಟ್ಟರೆ ಗಾಳಿ ಹೊಡೆಯುವ ವಾಲಿನ ಭಾರಕ್ಕೆ ತಾನಾಗೇ ತಿರುಗಿ ವಾಲು ಕೆಳಗೆ ಬಂದು ನಿಲ್ಲಬೇಕು. ನಿಲ್ಲದೆ ಎಲ್ಲೋ ಸಿಕ್ಕಿಕೊಂಡರೆ ಆಕ್ಸೆಲ್ಲಿನ ಮೇಲೆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು ಟೈಟು ಅಥವಾ ಗ್ರೀಸು ಗಟ್ಟಿ ಆಗಿದೆ. ಚಕ್ರ ಹಿಡಿದು ಎಡಬಲ ಅಲುಗಿಸಿದಾಗ ಆಡಿದರೆ ಕೋನು ಸಡಿಲ ಅಥವಾ ಸವೆದಿದೆ. ಗುಂಡು, ಕೋನು, ಆಕ್ಸೆಲ್ಲು ಎಲ್ಲಾ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ.

ಬ್ರೇಕ್ ರಬ್ಬರಿನ ಪಕ್ಕ ಬೆರಳಿಟ್ಟು ಚಕ್ರ ತಿರುಗಿಸಿ. ಸ್ವಲ್ಪ ಬೆಂಡು ಇದ್ದರೆ ಕಡ್ಡಿ ಎಳೆದು ಸರಿಮಾಡುತ್ತಾರೆ. ಆದರೆ ಕಡ್ಡಿಯ ತಲೆ, ಅಂದರೆ ರಿಮ್ಮಿನ ಹತ್ತಿರದ ನಿಪ್ಪಲ್ಲು, ತುಕ್ಕಿನ ಮುದ್ದೆ ಆಗಿದ್ದರೆ ತಿರುಗಿಸೋಕೆ ಹೋದಾಗ ಕಡ್ಡಿಯೇ ತುಂಡಾಗುತ್ತದೆ. ಆಗ ಇಡೀ ಚಕ್ರ ಹೊಸದಾಗಿ ಕಟ್ಟಿಸಬೇಕು. ರಿಮ್ಮಿನ ಒಳಗೂ ನೀರು ಕೂರುತ್ತದೆ. ಟಯರು ಪಂಚರ್ ಆಗಿದ್ದರೆ ಒಂದು ಕಡೆ ಅಂಚು ಎತ್ತಿ ಒಳಗೆ ಇಣುಕಿ. ತುಕ್ಕಿನ ಚಕ್ಕೆ ಎದ್ದು ಕಡ್ಡಿ ತೂತಿನ ಸುತ್ತ ಬಿರುಕು ಕಂಡರೆ ರಿಮ್ಮು ಮುಗಿಯಿತು.

ಟಯರು ಟ್ಯೂಬು ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸೋದು ಅಂತಲೇ ಲೆಕ್ಕ ಹಿಡಿಯಿರಿ.

ಕ್ರ್ಯಾಂಕು, ಕಾಟರ್ ಪಿನ್ನು, ಚೈನು

ಎರಡು ಪೆಡಲ್ಲುಗಳ ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿರಬೇಕು. ಒಂದು ಮಲಗಿದಾಗ ಇನ್ನೊಂದು ಸ್ವಲ್ಪ ಜೋತಿದ್ದರೆ ಕಾಟರ್ ಪಿನ್ನು ಸವೆದಿದೆ. ಕ್ರ್ಯಾಂಕನ್ನು ಆಕ್ಸೆಲ್ಲಿಗೆ ಬಿಗಿದು ಹಿಡಿಯುವ ಚಿಕ್ಕ ಓರೆ ಪಿನ್ನು ಅದು. ಎರಡೂ ಕ್ರ್ಯಾಂಕನ್ನು ಮಲಗಿಸಿ ಎರಡೂ ಪೆಡಲ್ಲನ್ನು ಒಟ್ಟಿಗೆ ಕೆಳಕ್ಕೆ ಒತ್ತಿ, ಆಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ. ಟಕ್ ಅಂತ ಆಡಿದರೆ ಹೊಸ ಪಿನ್ನು ಬೇಕು. ಪಿನ್ನು ಅಗ್ಗ. ಅದು ಸಡಿಲ ಇದ್ದಾಗಲೂ ವರ್ಷಗಟ್ಟಲೆ ಓಡಿಸಿದ್ದರೆ ಕ್ರ್ಯಾಂಕಿನ ತೂತೇ ಅಗಲ ಆಗಿರುತ್ತದೆ, ಆಗ ಪಿನ್ನು ಹಾಕಿದರೂ ನಿಲ್ಲಲ್ಲ. ಪಿನ್ನಿನ ತುದಿ ಸುತ್ತಿಗೆ ಏಟಿಗೆ ಅಣಬೆ ಥರ ಅಗಲ ಆಗಿದೆಯಾ ಅಂತಲೂ ನೋಡಿ. ಯಾರೋ ತೆಗೆಯೋಕೆ ಹೋಗಿ ಸೋತಿದ್ದಾರೆ ಅನ್ನೋದು ಗೊತ್ತಾಗುತ್ತದೆ.

ಕ್ರ್ಯಾಂಕು ಹಿಡಿದು ಫ್ರೇಮಿನ ಕಡೆಗೆ, ಹೊರಗಡೆಗೆ ಅಲುಗಿಸಿ. ಆಡಿದರೆ ಬಿ.ಬಿ. ಸೆಟ್ಟು ಬಿಚ್ಚಿ ನೋಡಬೇಕು. ಪೆಡಲ್ ಬಿಚ್ಚಬೇಕಾಗಿ ಬಂದರೆ ನೆನಪಿಡಿ, ಎಡಗಡೆ ಪೆಡಲ್ಲಿನ ಮರೆ (ಥ್ರೆಡ್ಡು) ಉಲ್ಟಾ. ಗೊತ್ತಿಲ್ಲದೆ ಬಿಗಿಯುತ್ತಾ ಹೋಗಿ ಕ್ರ್ಯಾಂಕಿನ ಮರೆ ಹಾಳು ಮಾಡಿದವರು ಇದ್ದಾರೆ. ಆ ಪೆಡಲ್ಲು ವಾಲಾಡುತ್ತಿದ್ದರೆ ಕ್ರ್ಯಾಂಕೂ ಹೊಸದು ಬೇಕಾಗಬಹುದು.

ಚೈನಿಗೆ ಅಡಿ ಸ್ಕೇಲು ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು 24 ಕೊಂಡಿ ಎಣಿಸಿ. ಹೊಸ ಚೈನಾದರೆ ಇಪ್ಪತ್ನಾಲ್ಕನೇ ಕೊಂಡಿಯ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಾಯಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಆ ಚೈನು ಹಿಂದಿನ ಚಕ್ರದ ಹಲ್ಲಿನ ಗಾಲಿಯ, ಅಂದರೆ ಫ್ರೀವೀಲಿನ, ಹಲ್ಲನ್ನೂ ತಿಂದಿದೆ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು, ಹಳೇ ಹಲ್ಲಿನ ಮೇಲೆ ಹೊಸ ಚೈನು ಜಾರುತ್ತದೆ.

ಫ್ರೀವೀಲ್ ಮಾತು ಬಂದಾಗ ಏರಿನವರಿಗೆ ಒಂದು ವಿಷಯ. ಪೆಡಲ್ ಪಕ್ಕದ ಹಲ್ಲಿನ ಗಾಲಿಯಲ್ಲಿ 44 ಹಲ್ಲು, ಫ್ರೀವೀಲಿನಲ್ಲಿ 18 ಹಲ್ಲು ಇದ್ದರೆ, 28 ಇಂಚಿನ ಚಕ್ರದಲ್ಲಿ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಬಯಲಿಗೆ ಇದು ಚೆನ್ನ. ಫ್ರೀವೀಲ್ 22 ಹಲ್ಲಿನದು ಹಾಕಿಸಿದರೆ ಸುತ್ತಿಗೆ ಸುಮಾರು 4.5 ಮೀಟರ್. ಬಯಲಲ್ಲಿ ಕಾಲು ಸ್ವಲ್ಪ ಬೇಗ ಬೇಗ ತುಳಿಯಬೇಕಾಗುತ್ತದೆ, ಆದರೆ ಏರಿನಲ್ಲಿ ಮೊದಲು ಇಳಿದು ತಳ್ಳುತ್ತಿದ್ದ ಕಡೆ ಈಗ ಕೂತೇ ಹತ್ತಬಹುದು. ಚೈನಿಗೆ ಕೊಂಡಿ ಸೇರಿಸಬೇಕಾಗಬಹುದು. ಹಳೇ ಸೈಕಲ್ಲಿಗೆ ಮಾಡಿಸುವ ಖರ್ಚುಗಳಲ್ಲಿ ಇದರಷ್ಟು ಉಪಕಾರ ಆಗೋದು ಇನ್ನೊಂದಿಲ್ಲ.

ಬ್ರೇಕು

ಕೇಬಲ್ಲಿನ ಬದಲು ಕಬ್ಬಿಣದ ಕಂಬಿ ಎಳೆಯುವ ಕಂಬಿ ಬ್ರೇಕಿನ ಸೈಕಲ್ಲು ನೋಡೋಕೆ ಚೆಂದ. ಕಂಬಿ ತುಂಡಾಗೋದು ಕಮ್ಮಿ, ಹಳ್ಳಿಯಲ್ಲೂ ರಿಪೇರಿ ಆಗುತ್ತದೆ. ಆದರೆ ಸ್ಟೀಲ್ ರಿಮ್ಮು ಒದ್ದೆ ಆದಾಗ ರಬ್ಬರು ಜಾರುತ್ತದೆ. ಕಂಬಿ ಬ್ರೇಕಿರಲಿ, ಕೇಬಲ್ ಬ್ರೇಕಿರಲಿ, ಕ್ರೋಮ್ ರಿಮ್ಮಿನ ಮೇಲೆ ಮಳೆಯಲ್ಲಿ ಹಿಡಿತ ಅರ್ಧಕ್ಕೂ ಇಳಿಯುತ್ತದೆ. ಮೊದಲು ರಬ್ಬರು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ತಿರುವು ಬಂದಿರುತ್ತದೆ. ಚಾರ್ಮಾಡಿ, ಶಿರಾಡಿ, ಮುಳ್ಳಯ್ಯನಗಿರಿ ಇಳಿಜಾರಿಗೆ ಇಂಥ ಸೈಕಲ್ಲು ಬೇಡವೇ ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ತೋಟದ ದಾರಿಯಲ್ಲಿ ದಿನಾ ಕಡಿದಾದ ಇಳಿಜಾರು ಇಳಿಯುವವರು ಅಲ್ಯೂಮಿನಿಯಂ ರಿಮ್ಮಿನ ಸೈಕಲ್ಲು ಹುಡುಕಿ, ಅದರಲ್ಲೂ ಫ್ರೇಮು ಸ್ಟೀಲಿನದು ಸಿಗುತ್ತದೆ. ರಿಮ್ಮು ಯಾವುದು ಅಂತ ಅಯಸ್ಕಾಂತ ಹೇಳುತ್ತದೆ, ಅಲ್ಯೂಮಿನಿಯಮ್ಮಿಗೆ ಅದು ಅಂಟಲ್ಲ.

ಪರೀಕ್ಷೆ ಮಾಡುವಾಗ ಮುಂದಿನ ಬ್ರೇಕು, ಹಿಂದಿನ ಬ್ರೇಕು ಬೇರೆ ಬೇರೆ ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿ. ಚಕ್ರ ನಿಲ್ಲಬೇಕು. ರಬ್ಬರು ಸವೆದಿದ್ದರೆ ಬದಲಾಯಿಸಿದರಾಯಿತು. ಕಂಬಿಯ ಜಾಯಿಂಟುಗಳಲ್ಲಿ ಆಟ ಜಾಸ್ತಿ ಇದ್ದರೆ ಹಿಡಿ ಪೂರ್ತಿ ಒಳಗೆ ಬಂದರೂ ರಬ್ಬರು ತಾಗಲ್ಲ, ಅದು ನೋಡಿ.

ಹೆಸರಿಗೆ ಮರುಳಾಗಬೇಡಿ

"ನಮ್ಮಪ್ಪ ತಗೊಂಡಿದ್ದು ಸಾರ್, ಆಗಿನ ಕಬ್ಬಿಣ. ಈಗ ದುಡ್ಡು ಕೊಟ್ಟರೂ ಸಿಗಲ್ಲ." ಈ ಮಾತು ಎಲ್ಲಾ ಕಡೆ ಕೇಳುತ್ತೀರಿ. ಅಪ್ಪನ ನೆನಪಿಗೆ ಬೆಲೆ ಕಟ್ಟೋಕಾಗಲ್ಲ, ಅವರ ಮನಸ್ಸು ನೋಯಿಸಬೇಡಿ. ಆದರೆ ನೀವು ಕೊಡೋದು ಇವತ್ತಿನ ಫ್ರೇಮಿಗೆ.

ಹೀರೋ, ಏವನ್ ಲುಧಿಯಾನದವು. ಅಟ್ಲಾಸ್ 1951ರಲ್ಲಿ ಸೋನಿಪತ್ತಿನಲ್ಲಿ ಶುರುವಾಯಿತು. 2020ರ ಜೂನಿನಲ್ಲಿ ಅದರ ಸಾಹಿಬಾಬಾದ್ ಕಾರ್ಖಾನೆ ನಿಂತಿತು. ಅದಕ್ಕೆ ಅಟ್ಲಾಸ್ ಬೇಡ ಅನ್ನಬೇಕಿಲ್ಲ. ಈ ದೊಡ್ಡ ಸೈಕಲ್ಲುಗಳ ಟಯರು, ಚೈನು, ಗುಂಡು, ರಬ್ಬರು ಎಲ್ಲಾ ಕಂಪನಿಗೂ ಹೆಚ್ಚುಕಮ್ಮಿ ಒಂದೇ ಅಳತೆ. ಹಾಸನದಲ್ಲೂ ಸಿಗುತ್ತವೆ, ಬಾಣಾವರದಲ್ಲೂ ಸಿಗುತ್ತವೆ.

ರ್‍ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್ ಅಂತ ಬಿಲ್ಲೆ ಇದ್ದ ಮಾತ್ರಕ್ಕೆ ಇಂಗ್ಲೆಂಡಿನದಲ್ಲ. 1949ರಲ್ಲಿ ಶುರುವಾದ ಮದರಾಸಿನ ಟಿ.ಐ. ಸೈಕಲ್ಸ್ ಇಂಥ ಹೆಸರಿನ ಸೈಕಲ್ಲುಗಳನ್ನು ಇಲ್ಲೇ ಮಾಡಿದೆ. ರ್‍ಯಾಲಿ ಅಸನ್ಸೋಲಿನಲ್ಲೂ ಆಗುತ್ತಿತ್ತು. ಹಳೇ ತೋಟದ ಬಂಗಲೆಯಿಂದ ಬಂದ ಇಂಗ್ಲೆಂಡ್ ಸೈಕಲ್ಲು ಅಂತ ಯಾರಾದರೂ ದುಪ್ಪಟ್ಟು ಬೆಲೆ ಹೇಳಿದರೆ ಹಿಂದಿನ ಚಕ್ರದ ನಡುವಿನ ಹಬ್ಬು ನೋಡಿ. ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬಾದರೆ ಅದರ ಮೇಲೆ ಮಾಡಿದ ವರ್ಷ, ತಿಂಗಳು ಒತ್ತಿರುತ್ತಾರೆ. ಹಬ್ಬು ಆಮೇಲೆ ಬದಲಾಗಿರಲೂಬಹುದು, ಆದರೂ ಒಂದು ಅಂದಾಜು ಸಿಗುತ್ತದೆ. ನಿಜವಾಗಿ ನಾಟಿಂಗ್‌ಹ್ಯಾಮಿನ ರ್‍ಯಾಲಿಯೇ ಆಗಿದ್ದರೆ ಅದರ ಬಿ.ಬಿ. ಮರೆ ಇಂಚಿಗೆ 26, ಮಿಕ್ಕ ಕಂಪನಿಗಳದ್ದು 24. ಆ ಬೇರಿಂಗ್ ಕಪ್ಪು ಸವೆದರೆ ನಮ್ಮ ಅಂಗಡಿಗಳಲ್ಲಿ ಸಿಗೋದು ಕಷ್ಟ. ದಿನಾ ಓಡಿಸೋದಕ್ಕೆ ಬೇಕಾದವರು ಇಂಥದ್ದರ ಹಿಂದೆ ಹೋಗಬೇಡಿ.

ಓಡಿಸಿ ನೋಡಿ

"ಅಣ್ಣ, ಒಂದು ರೌಂಡ್ ಹೋಗಿ ಬರ್‍ಲಾ?" ಅಂತ ಕೇಳಿ. ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ. ಗಾಳಿ ಹೊಡೆದು, ಮೊದಲು ಬ್ರೇಕು ನೋಡಿಕೊಂಡು, ವಾಹನ ಕಮ್ಮಿ ಇರುವ ರಸ್ತೆಯಲ್ಲಿ ಹೋಗಿ. ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದಾಗ ನೆಟ್ಟಗೆ ಹೋಗಬೇಕು. ಒಂದೇ ಕಡೆಗೆ ಎಳೆಯುತ್ತಾ ಇದ್ದರೆ ಚಕ್ರ ಓರೆ ಕೂತಿರಬಹುದು, ಫೋರ್ಕು ತಿರುಚಿರಬಹುದು. ಚಕ್ರ ನೆಟ್ಟಗೆ ಕೂರಿಸಿ ಮತ್ತೆ ನೋಡಿ. ಪೆಡಲ್ಲಿನ ಸುತ್ತಿಗೊಂದು ಸಲ ಕಟಕ್ ಅಂದರೆ ಕಾಟರ್ ಪಿನ್ನು, ಬಿ.ಬಿ. ಅಥವಾ ಪೆಡಲ್ಲು. ಪೆಡಲ್ ನಿಲ್ಲಿಸಿದರೂ ಸದ್ದು ಬಂದರೆ ಚಕ್ರದ ಕಡೆಯದು. ಒಂದು ಚಿಕ್ಕ ಏರಿನಲ್ಲಿ ನಿಂತು ತುಳಿಯಿರಿ. ಫ್ರೀವೀಲ್ ಹಿಡಿಯದೆ ಕಾಲು ಗಕ್ಕನೆ ಕೆಳಗೆ ಹೋದರೆ ಹೊಸದು ಹಾಕಿಸುವ ತನಕ ಯಾರೂ ಓಡಿಸಬಾರದು.

ದುಡ್ಡಿನ ಲೆಕ್ಕ

ಹೋಗುವ ಮೊದಲೇ ನಿಮ್ಮ ಸೈಕಲ್ ಅಂಗಡಿಯವರ ಹತ್ತಿರ ನಾಲ್ಕು ರೇಟು ಕೇಳಿಟ್ಟುಕೊಳ್ಳಿ. ಎರಡು ಟಯರು ಟ್ಯೂಬು, ಚೈನು ಮತ್ತು ಫ್ರೀವೀಲು, ಒಂದು ಚಕ್ರ ಕಟ್ಟುವುದು, ಪೂರ್ತಿ ಬಿಚ್ಚಿ ಗ್ರೀಸು ಹಾಕಿ ಜೋಡಿಸುವ ಕೂಲಿ. ಇದೇ ಥರದ ಹೊಸ ಸೈಕಲ್ಲು ಎಷ್ಟು ಅಂತಲೂ ಕೇಳಿ. ಹಳೇ ಸೈಕಲ್ಲಿಗೆ ಕೊಡುವ ದುಡ್ಡು ಮತ್ತು ಬೇಕಾದ ರಿಪೇರಿ ಸೇರಿ ಹೊಸದರ ಅರ್ಧ ದಾಟಿದರೆ ನಾನು ಬೇಡ ಅನ್ನುತ್ತೇನೆ. ಕೆಳಗಿನ ಗೆರೆ ಗುಜರಿ ರೇಟು. ಇಪ್ಪತ್ತು ಕೆ.ಜಿ. ಕಬ್ಬಿಣಕ್ಕೆ ಗುಜರಿಯವರು ಎಷ್ಟು ಕೊಡುತ್ತಾರೆ ಅನ್ನೋದು ಮಾರುವವರಿಗೂ ಗೊತ್ತಿರುತ್ತದೆ. ಅದಕ್ಕಿಂತ ಒಂದಿಷ್ಟು ಮೇಲೆ ಕೇಳಿ. ನೋಡಿದ ತೊಂದರೆಗಳನ್ನು ಒಂದೊಂದಾಗಿ ತೋರಿಸಿ ಮಾತಾಡಿದರೆ ಜಗಳ ಇಲ್ಲದೆ ಬೆಲೆ ಇಳಿಯುತ್ತದೆ.

ಫ್ರೇಮ್ ನಂಬರನ್ನು ಸೀಟಿನ ಪೈಪಿನ ಮೇಲ್ಭಾಗದಲ್ಲೋ ಬಿ.ಬಿ. ಗೂಡಿನ ತಳದಲ್ಲೋ ಒತ್ತಿರುತ್ತಾರೆ. ಅದನ್ನು ಉಜ್ಜಿ ಅಳಿಸಿದ್ದರೆ ಮುಟ್ಟಬೇಡಿ, ಕದ್ದ ಸೈಕಲ್ಲಿರಬಹುದು. ಹಳೇ ಬಿಲ್ಲು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಫ್ರೇಮ್ ನಂಬರು, ತಾರೀಖು, ಬೆಲೆ ಬರೆದು ಮಾರುವವರ ಹೆಸರು, ಸಹಿ ಹಾಕಿಸಿಕೊಳ್ಳಿ. ಅಕ್ಕಪಕ್ಕದವರಾದರೂ ಸಂಕೋಚ ಬೇಡ.

ತಂದ ಮೇಲೆ ನೇರ ಓಡಿಸೋಕೆ ಶುರು ಮಾಡಬೇಡಿ. ಹಬ್ಬು, ಹೆಡ್ಡು, ಬಿ.ಬಿ. ಬಿಚ್ಚಿಸಿ, ಡೀಸೆಲ್ಲಿನಲ್ಲಿ ತೊಳೆಸಿ, ಹೊಸ ಗುಂಡು ಮತ್ತು ಗ್ರೀಸು ಹಾಕಿಸಿ. ಬಿ.ಬಿ. ಬಿಚ್ಚಿರುವಾಗಲೇ ಸೀಟಿನ ಪೈಪಿನಿಂದ ಒಂದು ಲೋಟ ಇಂಜಿನ್ ಆಯಿಲ್ ಸುರಿದು ಫ್ರೇಮನ್ನು ಎಲ್ಲಾ ಕಡೆ ಹೊರಳಿಸಿ, ಉಳಿದದ್ದು ಸೋರಲು ಬಿಡಿ. ಒಳಗಿನ ತುಕ್ಕು ಅಲ್ಲಿಗೆ ನಿಲ್ಲುತ್ತದೆ. ಮಳೆ ಜಾಸ್ತಿ ಇರುವ ಕಡೆಯವರು ಇದನ್ನು ಮೇ ತಿಂಗಳಲ್ಲೇ ಮಾಡಿಸಿಕೊಳ್ಳಿ. ಸೀಟಿನ ರಾಡಿಗೆ ಗ್ರೀಸು ಹಚ್ಚಿ ಕೂರಿಸಿ. ಚೈನಿಗೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಒಂದು ವಾರ ಓಡಿಸಿದ ಮೇಲೆ ಕಾಟರ್ ಪಿನ್ನಿನ ನಟ್ಟು, ಕಡ್ಡಿ, ಹ್ಯಾಂಡಲ್ ಇನ್ನೊಂದು ಸಲ ಟೈಟ್ ಮಾಡಿಸಿ. ಹೊಸ ಪಿನ್ನು ತನ್ನ ಜಾಗದಲ್ಲಿ ಕೂರುವಾಗ ಸ್ವಲ್ಪ ಸಡಿಲ ಆಗೇ ಆಗುತ್ತದೆ.